ಹೇಗೆ ಗೊತ್ತು ಎಂದು ಕೇಳುವ ಅಮ್ಮನಿಗೆ

ಸೆಪ್ಟೆಂಬರ್ ೧೨, ಗುರುವಾರ
ಕಚೇರಿ, ಊಟದ ಬಿಡುವು

ಪ್ರೀತಿಯ ಅಮ್ಮ,

ಹೇಗಿದ್ದೀಯ ಎಂದು ಕೇಳುವ ಧೈರ್ಯ ಬರುತ್ತಿಲ್ಲ. ನಾನು ಕಥೋಲಿಕ ಕ್ರೈಸ್ತಳಾಗುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ ಮೇಲೆ ನೀನು "ಒಲೆ ಮೇಲೆ ಹಾಲಿದೆ" ಎಂದು ಫೋನ್ ಇಟ್ಟುಬಿಟ್ಟೆ. ಹಾಲು ಉಕ್ಕುವುದಕ್ಕೆ ಇಷ್ಟು ದಿನ ಬೇಕಾಗುವುದಿಲ್ಲ, ಅಮ್ಮ. ನೀನಾಗಿ ಫೋನ್ ಮಾಡುತ್ತೀಯೇನೋ ಎಂದು ಕಾದೆ. ಫೋನಿನಲ್ಲಾದರೆ ನಾವಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತೇವೆ. ಕಾಗದದಲ್ಲಾದರೆ ನೀನು ಕೊನೆಯವರೆಗೂ ಕೇಳಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಯಾರೋ ನನ್ನ ತಲೆ ಕೆಡಿಸಿದ್ದಾರೆ ಎಂದುಕೊಂಡಿರುತ್ತೀಯ. ವಿಮೆ ಕಂಪನಿ ನನಗೆ ಸಂಬಳ ಕೊಡುವುದೇ ತಲೆ ಕೆಡಿಸಿಕೊಳ್ಳದೆ ಇರುವುದಕ್ಕೆ. ಮನೆ ಸುಟ್ಟವರು, ಕಾರು ಗುದ್ದಿಸಿಕೊಂಡವರು ಹೇಳುವ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂದು ಜಾಲಾಡುವುದು ನನ್ನ ಕೆಲಸ. ಆ ವಿದ್ಯೆ ನಿನ್ನದೇ. ಹೊರಗೆ ಮಳೆ ಬರುತ್ತಿದೆ ಎಂದು ಹೇಳಿದರೂ "ಹೇಗೆ ಗೊತ್ತು?" ಎಂದು ಕೇಳುವ ವಿಜ್ಞಾನದ ಟೀಚರಮ್ಮನ ಮನೆಯಲ್ಲಿ ಬೆಳೆದವಳು ನಾನು.

ಎರಡು ವರ್ಷದ ಹಿಂದೆ ಒಂದು ಬೇಕರಿಗೆ ಬೆಂಕಿ ಬಿತ್ತು. ವಿಚಾರಣೆಗೆ ನಾನು ಹೋಗಿದ್ದೆ. ಹಿಂದಿನ ಕೋಣೆಯ ಗೋಡೆಯೆಲ್ಲ ಕಪ್ಪು, ಒದ್ದೆ ಹಿಟ್ಟಿನ ಹುಳಿ ವಾಸನೆ. ವೈರಿಂಗ್ ಹಳೆಯದು, ಅದರಿಂದಲೇ ಆಗಿರಬಹುದು ಎಂದು ಎಲೆಕ್ಟ್ರಿಷಿಯನ್ ಬರೆದುಕೊಟ್ಟಿದ್ದ. ಬೇಕರಿಯವರು ಬಾಯಿ ಬಿಡದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಾಸ್ತ್ರಕ್ಕೆ ಒಂದು ಪ್ರಶ್ನೆ ಕೇಳಿದೆ. ಆ ಮನುಷ್ಯ, "ವೈರಿಂಗ್ ಅಲ್ಲ ಮೇಡಂ. ಒಲೆ ಆರಿಸದೆ ನಾನೇ ಹೋಗ್ಬಿಟ್ಟೆ. ಅದರ ಮೇಲೆ ಬಟ್ಟೆ ಒಣಗಿಸೋಕೆ ಹಾಕಿದ್ದೆ" ಎಂದುಬಿಟ್ಟರು. ಪಕ್ಕದಲ್ಲಿದ್ದ ಅವರ ಹೆಂಡತಿ ಹಣೆ ಚಚ್ಚಿಕೊಂಡರು.

ನಾನು ಪೆನ್ನು ಕೆಳಗಿಟ್ಟೆ. "ಇದನ್ನ ಬರ್ಕೊಂಡ್ರೆ ಪರಿಹಾರ ಕಡಿಮೆಯಾಗುತ್ತೆ, ಗೊತ್ತು ತಾನೆ?"

"ಗೊತ್ತು. ಆದ್ರೆ ಶನಿವಾರ ಫಾದರ್ ಹತ್ರ ಪಾಪನಿವೇದನೆ ಮಾಡಿ ಬಂದಿದೀನಿ. ಅಲ್ಲೊಂದು ಹೇಳಿ ಇಲ್ಲೊಂದು ಹೇಳೋಕಾಗಲ್ಲ."

ಅವರೇನೂ ದೇವತಾಮನುಷ್ಯರಲ್ಲ. ಪರಿಹಾರ ಕಡಿತವಾಗಿ ಬಂದಾಗ ನಮ್ಮ ಕಚೇರಿಗೇ ಬಂದು, ನಿಮ್ಮ ಕಂಪನಿಗೆ ಕರುಳಿದೆಯೇ ಎಂದು ಎಲ್ಲರ ಮುಂದೆ ನನ್ನನ್ನು ಬೈದು ಹೋದರು. ನನಗೆ ಹಿಡಿಸಿದ್ದೇ ಅದು. ದುಡ್ಡು ಬೇಕಿತ್ತು, ಹೆಂಡತಿಯ ಭಯವಿತ್ತು, ಆದರೂ ಸುಳ್ಳು ಹೇಳಲಿಲ್ಲ. ಒಂದು ಮಾತನ್ನು ಎಲ್ಲಿ ಹೇಳಿದರೆ ಮನುಷ್ಯನಿಗೆ ಇನ್ನೆಲ್ಲೂ ಅದನ್ನು ತಿರುಚಲು ಆಗುವುದಿಲ್ಲವೋ, ಆ ಜಾಗ ಎಂಥದ್ದು ಎಂದು ನೋಡಬೇಕೆನಿಸಿತು.

ಹೋದೆ. ಚರ್ಚಿನ ಹಿಂದಿನ ಬೆಂಚಿನಲ್ಲಿ ತಪಾಸಣೆಗೆ ಬಂದವಳ ಹಾಗೆ ಕುಳಿತೆ. ಫಾದರ್ ವಯಸ್ಸಾದವರು. ಅವರು ಬಗ್ಗಿದಾಗೆಲ್ಲ ಕಿವಿಯ ಯಂತ್ರ ಸಿಳ್ಳೆ ಹಾಕುತ್ತದೆ. ಪ್ರಾರ್ಥನೆಗೆ ಬಂದಿಲ್ಲ, ಪ್ರಶ್ನೆ ಕೇಳುವುದಕ್ಕೆ ಬಂದಿದ್ದೇನೆ ಎಂದೆ. "ಒಳ್ಳೇದಾಯ್ತು, ಕೇಳಿ. ಗೊತ್ತಿಲ್ಲದೇ ಇದ್ರೆ ಗೊತ್ತಿಲ್ಲ ಅಂತೀನಿ" ಎಂದರು.

ಅವರು ಕೊಟ್ಟ ಶುಭಸಂದೇಶವನ್ನು, ಯೇಸುವಿನ ಬಗ್ಗೆ ನಾಲ್ವರು ಬರೆದ ವೃತ್ತಾಂತವನ್ನು, ಸಾಕ್ಷಿಗಳ ಹೇಳಿಕೆ ಓದುವ ಹಾಗೇ ಓದಿದೆ, ಅಮ್ಮ. ಕಥೆ ಕಟ್ಟುವವರು ತಮ್ಮ ಮುಖಕ್ಕೆ ತಾವೇ ಮಸಿ ಬಳಿದುಕೊಳ್ಳುವುದಿಲ್ಲ. ಇಲ್ಲಿ ಯೇಸುವನ್ನು ಬಂಧಿಸಿದಾಗ ಶಿಷ್ಯರಲ್ಲಿ ಹಿರಿಯನೇ ಅವನನ್ನು ಅರಿಯೆ ಎನ್ನುತ್ತಾನೆ, ಉಳಿದವರು ಓಡಿಹೋಗುತ್ತಾರೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು, ಹೆಂಗಸರ ಸಾಕ್ಷ್ಯಕ್ಕೆ ಕಿಮ್ಮತ್ತಿಲ್ಲದ ಕಾಲದಲ್ಲಿ! ನಾಲ್ವರು ಬರೆದದ್ದು ಸಣ್ಣಪುಟ್ಟದರಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಅಕ್ಷರ ಅಕ್ಷರ ಹೊಂದಿದ್ದರೆ, ಹೇಳಿಕೊಟ್ಟವರು ಯಾರು ಎಂದು ಹುಡುಕುತ್ತಿದ್ದೆ. ಸುಳ್ಳಿಗಾಗಿಯೂ ಜನ ಸಾಯುತ್ತಾರೆ ಎನ್ನುತ್ತೀಯ. ಸಾಯುತ್ತಾರೆ, ಅದನ್ನು ನಿಜವೆಂದು ನಂಬಿ. ಈ ಶಿಷ್ಯರು ಸತ್ತ ಯೇಸು ಎದ್ದು ಬಂದದ್ದನ್ನು ಕಣ್ಣಾರೆ ಕಂಡೆವು ಎಂದು ಪ್ರಾಣ ಕೊಟ್ಟವರು. ಸುಳ್ಳಾಗಿದ್ದರೆ ಅದು ಸುಳ್ಳೆಂದು ಗೊತ್ತಿರಬೇಕಾದವರೂ ಅವರೇ.

ಹಾಗಾದರೆ ಕ್ರೈಸ್ತರಲ್ಲಿ ಈ ಕಥೋಲಿಕ ಸಭೆಯೇ ಯಾಕೆ ಎಂದೂ ಕೇಳುತ್ತೀಯ. ಒಂದು ಪುರಾವೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ವಿಚಾರಿಸದೆ ನಾನು ಯಾವುದನ್ನೂ ಒಪ್ಪುವವಳಲ್ಲ. ಇಲ್ಲಿ ಆ ಕೈಗಳ ಸಾಲು ಮೊದಲ ಶಿಷ್ಯರಿಂದ ನಮ್ಮ ಕಿವುಡು ಫಾದರ್‌ವರೆಗೂ ಬರುತ್ತದೆ. ಎಲ್ಲ ಕೈಗಳೂ ಶುದ್ಧವಲ್ಲ. ಈ ಸಭೆಯೊಳಗೆ ನಡೆದ ಹೇಯ ಕೃತ್ಯಗಳನ್ನು ನಾನು ಕೆದಕುವ ಮುಂಚೆ ಫಾದರೇ ಎತ್ತಿದರು. "ಇದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ, ನಾಚಿಕೆ ಇದೆ" ಎಂದರು.

ಬುದ್ಧಿ ನನ್ನನ್ನು ಹೊಸ್ತಿಲವರೆಗೆ ತಂದು ಬಿಟ್ಟಿತು. ನಂಬುವುದು ಹುಚ್ಚಲ್ಲ ಎಂದು ಹೇಳಿತೇ ಹೊರತು ನಂಬಿಸಲಿಲ್ಲ. ನೀನು ಅಪ್ಪನನ್ನು ಮದುವೆಯಾಗುವ ಮೊದಲು ನಾಲ್ಕು ಕಡೆ ವಿಚಾರಿಸಿದ್ದೆಯಂತೆ. ಆದರೆ ಯಾರು ಎಷ್ಟೇ ಹೇಳಿದರೂ ಕೊನೆಗೆ ಅಪ್ಪನ ಜೊತೆ ಹೆಜ್ಜೆ ಹಾಕಿದ್ದು ಪುರಾವೆಯಿಂದಲ್ಲ, ಅವರ ಮೇಲೆ ನಿನಗಿದ್ದ ಭರವಸೆಯಿಂದ. ನನ್ನದೂ ಅಷ್ಟೇ.

ಆದರೂ ಒಂದು ಪ್ರಶ್ನೆಯನ್ನು ನಾನು ಬಹಳ ದಿನ ಬಾಯಿಗೇ ತಂದಿರಲಿಲ್ಲ. ತಮ್ಮನದು.

ಅವನು ಆಸ್ಪತ್ರೆಯಲ್ಲಿದ್ದಾಗ ನೀನು ಕಾರಿಡಾರಿನ ತಣ್ಣನೆಯ ನೆಲದಲ್ಲಿ ಕುಳಿತು ಕೈಮುಗಿದದ್ದನ್ನು ನಾನು ಅತ್ತೆಯ ಮಡಿಲಿನಿಂದ ನೋಡುತ್ತಿದ್ದೆ. ಅವನು ಹೋದ ಮೇಲೆ ನೀನು ಮತ್ತೆ ಕೈಮುಗಿಯಲಿಲ್ಲ. ಫೋನ್ ಇಟ್ಟುಬಿಟ್ಟೆಯಲ್ಲ, ಆಗಲೇ ಗೊತ್ತಾಯಿತು ನಿನ್ನ ಕೋಪ ಧರ್ಮದ ಮೇಲಲ್ಲ ಎಂದು. ನಿನ್ನ ಮಾತಿಗೆ ಕಿವಿಗೊಡದವನ ಮನೆಗೆ ನಿನ್ನ ಮಗಳು ಹೋಗುತ್ತಿದ್ದಾಳೆ ಅಂತ.

ಫಾದರ್‌ಗೆ ಇದನ್ನು ಹೇಳಿದೆ. ಅಮ್ಮನ ಪ್ರಾರ್ಥನೆ ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ. "ಗೊತ್ತಿಲ್ಲಮ್ಮ. ಗೊತ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ" ಎಂದರು. ಆಮೇಲೆ ನನ್ನನ್ನು ಪಕ್ಕದ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಂದು ವಿಗ್ರಹ. ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿ. ಆ ಮಗ ಮತ್ತೆ ಎದ್ದು ಬಂದ ಎನ್ನುವುದರ ಮೇಲೇ ಈ ನಂಬಿಕೆಯೆಲ್ಲ ನಿಂತಿರುವುದು. ಆದರೂ ಅವಳ ಮಡಿಲನ್ನು ಯಾರೂ ಖಾಲಿ ಮಾಡಿಲ್ಲ. ಸಮಾಧಾನ ಮಾಡಿಕೋ, ಇನ್ನೊಂದು ಮಗುವಿದೆಯಲ್ಲ, ಅದರ ಮುಖ ನೋಡು ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ನಿನಗೆ ಎಲ್ಲರೂ ಹೇಳಿದರು. ಆ ಇನ್ನೊಂದು ಮಗು ನಾನೇ ಆಗಿದ್ದೆ. ಅಲ್ಲಿ ನಿಂತು ಅತ್ತುಬಿಟ್ಟೆ, ಅಮ್ಮ. ಅವನಿಗಾಗಿ ಅಷ್ಟು ಅತ್ತದ್ದು ಅವತ್ತೇ ಮೊದಲು. ಉತ್ತರ ಸಿಗಲಿಲ್ಲ. ಆದರೆ ನಮ್ಮ ಮನೆಯ ದುಃಖವನ್ನು ಬಲ್ಲ ದೇವರು ಎನಿಸಿತು. ಹೊಸ್ತಿಲು ದಾಟಿದ್ದು ಆಗ.

ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಜ್ಞಾನಸ್ನಾನ, ತಲೆಗೆ ನೀರು ಹೊಯ್ದು ಸಭೆಗೆ ಸೇರಿಸಿಕೊಳ್ಳುತ್ತಾರೆ. ಬೇಕರಿಯವರ ಹೆಂಡತಿ ನಂಬಿಕೆಯಲ್ಲಿ ನನ್ನ ಕೈ ಹಿಡಿಯುವ ಜ್ಞಾನತಾಯಿಯಾಗಿ ನಿಲ್ಲುತ್ತಾರೆ. ಹೆಸರಿನಲ್ಲಿ ತಾಯಿ ಎಂದಿದೆ ಅಂತ ಮುನಿಸಿಕೊಳ್ಳಬೇಡ, ನಿನ್ನ ಜಾಗ ಯಾರಿಗೂ ಕೊಟ್ಟಿಲ್ಲ. ನೀನು ಬಾ. ಮಂಡಿಯೂರಬೇಕಾಗಿಲ್ಲ, ಕೈಮುಗಿಯಬೇಕಾಗಿಲ್ಲ. ಕೈಕಟ್ಟಿಕೊಂಡು, ಉತ್ತರಪತ್ರಿಕೆ ತಿದ್ದುವಾಗ ಮಾಡುತ್ತೀಯಲ್ಲ, ಆ ಮುಖ ಮಾಡಿಕೊಂಡೇ ಕೂತಿರು. ಫಾದರ್‌ಗೆ ಹೇಳಿಟ್ಟಿದ್ದೇನೆ. ನಿನ್ನ ಪ್ರಶ್ನೆಗಳಿಗೆ ಅವರು ಹೆದರುತ್ತಿದ್ದಾರೆ, ಕಾಯುತ್ತಲೂ ಇದ್ದಾರೆ.

ನಿನ್ನ ಮೊಂಡು ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿದ್ದೆ. ಹೆದರಿದವರೇ ದೇವರ ಬಾಗಿಲು ಬಡಿಯುವುದು ಎನ್ನುತ್ತೀಯಲ್ಲ, ಅದಕ್ಕೇ ಹೇಳುತ್ತೇನೆ. ಜ್ಞಾನಸ್ನಾನ ಈಸ್ಟರಿಗೇ ಆಗಬೇಕಿತ್ತು. ಅದರ ಹಿಂದಿನ ವಾರ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಈಗ ಬೇಡ, ಗಂಟಿಗೆ ಹೆದರಿ ನಂಬಿದೆನೇ ಎಂಬ ಅನುಮಾನ ನನಗೇ ಉಳಿಯಬಾರದು ಎಂದು ಫಾದರ್‌ಗೆ ಹೇಳಿ ಮುಂದೂಡಿದೆ. ಗಂಟು ತೆಗೆದರು. ಕೆಟ್ಟದ್ದಲ್ಲ, ಇನ್ನು ಭಯವಿಲ್ಲ ಎಂದು ಹೋದ ತಿಂಗಳು ಡಾಕ್ಟರ್ ಖಚಿತವಾಗಿ ಹೇಳಿದರು. ಭಯ ಹೋಯಿತು, ನಂಬಿಕೆ ಹೋಗಲಿಲ್ಲ. ನೀನು ಮತ್ತೆ ಆ ಕಾರಿಡಾರಿನಲ್ಲಿ ಕೂರುವುದು ಬೇಡ ಎಂದು ನಿನಗೆ ತಿಳಿಸಲಿಲ್ಲ. ಆದರೆ ಅರಿವಳಿಕೆಯ ಮಂಪರು ಇಳಿಯುವಾಗ ನಾನು ಯಾರನ್ನೋ ಒಂದೇ ಸಮನೆ ಕರೆಯುತ್ತಿದ್ದೆನಂತೆ. ದೇವರನ್ನಿರಬೇಕು ಎಂದುಕೊಂಡು ನರ್ಸನ್ನು ಕೇಳಿದೆ. "ಇಲ್ಲಪ್ಪ, ಅಮ್ಮ ಅಮ್ಮ ಅಂತಿದ್ರಿ" ಎಂದಳು.