ಹತ್ತೊಂಬತ್ತನೇ ಕಂತಿನ ನಗು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಮುದ್ದು ಮಗಳಿಗೆ, ಅಥವಾ ಮಾನ್ಯ ಸದಸ್ಯೆ ಸಂಖ್ಯೆ ಮೂರು ಅವರಿಗೆ,

ಯಾವ ಹೆಸರಿನಿಂದ ಕರೆದರೆ ನೀನು ಓಗೊಡುತ್ತೀಯೋ ತಿಳಿಯದೆ ಎರಡನ್ನೂ ಬರೆದಿದ್ದೇನೆ. ಫೋನು ಮಾಡಿದರೆ ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು, ಅದು ನಿನ್ನ ಉದ್ಯೋಗ.

ಮೊದಲು ಕ್ಷೇಮ ಸಮಾಚಾರ. ನಿನ್ನ ಮಗಳು ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ಹಾಲು ಕುಡಿಯುತ್ತಾಳೆ, ಬಟ್ಟೆ ಹಾಸಿಗೆ ಎಲ್ಲ ಶುಚಿಯಾಗಿದೆ. ನೀನು ಸಮಿತಿಯ ಕೆಲಸವೆಂದು, ಅಳಿಯಂದಿರು ಅವರ ಕೆಲಸವೆಂದು ಊರು ಬಿಟ್ಟ ಮೇಲೆ ಈ ಹದಿನೈದು ದಿನ ಅವಳಿಗೆ ಅಜ್ಜಿಯೇ ಗತಿ. ಹೋಗುವಾಗ ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ದಿನಾ ಓದುತ್ತೇನೆ. ಹನ್ನೊಂದು ಸೂಚನೆ. ಕೊನೆಯದರ ಕೆಳಗೆ ಕೆಂಪು ಗೆರೆ: ಅವಳಿಗೆ 'ಎದುರು ಮಹಡಿ' ತೋರಿಸಬಾರದು. ಹೆತ್ತವಳಿಗೆ ಕೆಂಪು ಗೆರೆ ಎಳೆಯುವಷ್ಟು ದೊಡ್ಡವಳಾದೆಯಲ್ಲ, ಸಂತೋಷ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಬುಧವಾರ ಚಾನೆಲಿನವರು ನಿಮ್ಮ ಸಮಿತಿಯ ವರದಿಯ ಪ್ರತಿ ಕಳಿಸಿದರು. ಮೂವತ್ತೆರಡು ವರ್ಷದ ಹಿಂದೆ ನಾನು ಬರೆದ ಈ ಹಾಸ್ಯ ಧಾರಾವಾಹಿ 'ಎದುರು ಮಹಡಿ'ಯನ್ನು ಮತ್ತೆ ಸಂಜೆ ಆರಕ್ಕೆ, ಮಕ್ಕಳು ಟೀವಿ ಮುಂದೆ ಕೂರುವ ಹೊತ್ತಿಗೆ, ಹಾಕಬೇಕೆಂದು ಅವರ ಆಸೆ. ಅದಕ್ಕೆ 'ಎಲ್ಲ ವಯಸ್ಸಿನವರಿಗೂ' ಎಂಬ ಮುದ್ರೆ ಬೇಕು, ಸಮಿತಿಯ ಮೂವರೂ ಒಪ್ಪಬೇಕು. ಒಂದನೇ ಸದಸ್ಯರು ಎರಡು ಸಾಲು ಬರೆದು ಒಪ್ಪಿದ್ದಾರೆ. ಎರಡನೆಯವರು ತಾವು ಚಿಕ್ಕಂದಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದನ್ನು ನೆನಪಿಸಿಕೊಂಡು ಒಪ್ಪಿದ್ದಾರೆ. ಮೂರನೆಯವರು ನಾಲ್ಕು ಪುಟ ಬರೆದು, 'ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಮಾತ್ರ' ಎಂದಿದ್ದಾರೆ. ಆರು ಗಂಟೆಯ ಜಾಗ ತಪ್ಪಿದರೆ ಟೇಪುಗಳು ವಾಪಸು ಗೋದಾಮಿಗೆ ಹೋಗುತ್ತವಂತೆ. ಶುಕ್ರವಾರ ನಿಮ್ಮ ಕೊನೆಯ ಸಭೆ. ಅಷ್ಟರೊಳಗೆ ಮೂರನೆಯವಳು ಮನಸ್ಸು ಬದಲಾಯಿಸಿದರೆ ಉಂಟು, ಇಲ್ಲದಿದ್ದರೆ ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸ ಇಲಿಗಳ ಪಾಲು.

ವರದಿಯಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಆದರೂ ಎರಡನೇ ಪುಟದ ಒಂದು ಸಾಲು ಓದುತ್ತಲೇ ನೀನೆಂದು ಗೊತ್ತಾಯಿತು. 'ಹತ್ತೊಂಬತ್ತನೇ ಕಂತು, ಹದಿನಾಲ್ಕನೇ ನಿಮಿಷ: ಪ್ರೇಕ್ಷಕರ ನಗುವಿನ ನಡುವೆ ಒಂದು ಮಗು ಅಳುವುದು ಕೇಳಿಸುತ್ತದೆ.' ಆ ಕಾಲದಲ್ಲಿ ಲಕ್ಷಗಟ್ಟಲೆ ಜನ ಆ ಕಂತು ನೋಡಿದರು. ಯಾರ ಕಿವಿಗೂ ಬೀಳದ ಅಳು ನಿನ್ನ ಕಿವಿಗೆ ಮಾತ್ರ ಬಿದ್ದಿದೆ. ಅದರ ಮಾತು ಆಮೇಲೆ.

ನಿಮ್ಮ ನಮೂನೆಯ ಪ್ರಶ್ನೆಗಳನ್ನು ನಾನೂ ಮುಂದಿಟ್ಟುಕೊಂಡು ನೋಡಿದೆ. ಹೊಡೆದಾಟವಿಲ್ಲ. ರಕ್ತ, ಕುಡಿತ, ಸಿಗರೇಟು ಇಲ್ಲ. ಬೈಗುಳ ಒಂದೂ ಇಲ್ಲ. ಗಂಡ ಹೆಂಡತಿ ಒಂದೇ ಸೋಫಾದ ಮೇಲೂ ಕೂರುವುದಿಲ್ಲ. ಇರುವುದು ಒಬ್ಬ ಮರೆಗುಳಿ ಅಪ್ಪ, ಬಾಯಿ ಜೋರಿನ ಅಮ್ಮ, ಒಂಬತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗಳು. ಅಮ್ಮ ದಿನಾ ಬೆಳಿಗ್ಗೆ ಆ ಹಾಸಿಗೆಯನ್ನು ಬಾಲ್ಕನಿಯ ಕಂಬಿಗೆ, ಬೀದಿ ಕಡೆಗೆ, ಇಳಿಬಿಡುತ್ತಾಳೆ. ಎದುರು ಮಹಡಿಯ ಮಾಮ ಪೇಪರು ಹಿಡಿದು ಆಚೆ ಬಂದು, ಏನಮ್ಮಾ, ಇವತ್ತೂ ನಿಮ್ಮನೆ ನಲ್ಲಿ ಸೋರ್ತಾ, ಅಂತ ಕೇಳುತ್ತಾನೆ. ಅಷ್ಟೇ. ಆ ಒಂದು ಮಾತಿಗೆ ಸ್ಟುಡಿಯೋದಲ್ಲಿ ಕುಳಿತ ಇನ್ನೂರು ಜನ ಬಿದ್ದು ಬಿದ್ದು ನಗುತ್ತಿದ್ದರು. ಹತ್ತನೇ ಕಂತಿನ ಹೊತ್ತಿಗೆ ಮಾಮ ಬಾಯಿ ತೆರೆಯುವ ಮೊದಲೇ ಅವರೇ ಹೇಳಿ ಮುಗಿಸುತ್ತಿದ್ದರು.

ಇದಕ್ಕೆ ನೀನು ಬರೆದದ್ದೇನು? 'ಮಗುವಿನ ದೈಹಿಕ ಅಸಹಾಯಕತೆಯನ್ನು ತಾಯಿಯೇ ಸಾರ್ವಜನಿಕವಾಗಿ ಅಪಹಾಸ್ಯಕ್ಕೊಡ್ಡುವುದನ್ನು ಸಹಜವೆಂಬಂತೆ ಬಿಂಬಿಸಲಾಗಿದೆ.' ಇಂಥ ವಾಕ್ಯವನ್ನು ನಾನು ಬರೆದಿದ್ದರೆ ನಟರು ಉಸಿರುಗಟ್ಟಿ ಸಾಯುತ್ತಿದ್ದರು. ನಮ್ಮಮ್ಮ ನನ್ನ ಹಾಸಿಗೆಯನ್ನು ಬೀದಿಗೆ ತೂಗುಹಾಕುತ್ತಿದ್ದಳು ಎಂದು ನೇರವಾಗಿ ಬರೆಯಬಹುದಿತ್ತು. ಹೌದು, ಹಾಕುತ್ತಿದ್ದೆ. ಹಿಂದುಗಡೆ ಬಿಸಿಲು ಬರುವುದಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಿಸಿಲು ಬರುತ್ತಿತ್ತು. ನಾಲ್ಕು ಜನ ನೋಡಿದರೆ ನಾಚಿಕೆಯಾಗಿ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಮ್ಮಪ್ಪ ಎರಡು ಸಲ ಅದನ್ನು ಒಳಗೆ ಎಳೆದು ತಂದರು, ಎರಡು ಸಲವೂ ನಾನು ಮತ್ತೆ ಹೊರಗೆ ಹಾಕಿದೆ. ಬದುಕಿರುವವರೆಗೆ ಅವರು ನನ್ನ ಧಾರಾವಾಹಿಯ ಒಂದು ಕಂತನ್ನೂ ನೋಡಲಿಲ್ಲ. ಊರೆಲ್ಲ ನೋಡಿತು, ಕಟ್ಟಿಕೊಂಡವರು ನೋಡಲಿಲ್ಲ. ಆ ಸಂಕಟವನ್ನು ನಾನು ಯಾವ ಸಮಿತಿಗೆ ಬರೆಯಲಿ?

ನಿನಗೆ ಗೊತ್ತಿಲ್ಲದ್ದು ಒಂದಿದೆ, ಕೇಳು. ಆಗ ನಾನು ಟೀವಿ ಕೇಂದ್ರದಲ್ಲಿ ಬೇರೆಯವರು ಗೀಚಿದ ಸಂಭಾಷಣೆಯನ್ನು ಟೈಪು ಮಾಡುವವಳು. ದಿನಕ್ಕೆ ನಲವತ್ತು ಹಾಳೆ. ಹೋಗುವಾಗ ಬರುವಾಗ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ತಡವಾಗಿ ಹೋದೆ. ನಿರ್ದೇಶಕರು ಕಾರಣ ಕೇಳಿದರು. ಸುಳ್ಳು ಹೊಳೆಯದೆ ನಿನ್ನ ಹಾಸಿಗೆಯ ಕಥೆ ಹೇಳಿದೆ, ಎದುರುಮನೆಯವರು ನಲ್ಲಿ ಅಂದದ್ದನ್ನೂ ಹೇಳಿದೆ. ಅವರು ಮೇಜು ತಟ್ಟಿ ತಟ್ಟಿ ನಕ್ಕರು. ನನ್ನ ಮಾತಿಗೆ ಒಬ್ಬರು ನಕ್ಕದ್ದು ಅದೇ ಮೊದಲು. ಆ ನಗು ನನಗೆ ಎಷ್ಟು ಹಿತವಾಯಿತೆಂದರೆ, ಅಂದು ಸಂಜೆ ಮನೆಗೆ ಬರುವಾಗ ನಾಳೆಯೂ ನೀನು ಒದ್ದೆ ಮಾಡಿಕೊಳ್ಳಲಿ ಎಂದು ಅಂದುಕೊಂಡೆ. ನೀನು ಮೋಸ ಮಾಡಲಿಲ್ಲ.

ಶಾಲೆಯಲ್ಲಿ ನಿನ್ನನ್ನು ನಲ್ಲಿ ಎಂದೇ ಕರೆಯುತ್ತಿದ್ದರು. ಉತ್ತರ ಹೇಳಲು ಎದ್ದು ನಿಂತರೆ ಹಿಂದಿನ ಬೆಂಚಿನವರು ನೀರು ಬಿಟ್ಟ ಸದ್ದು ಮಾಡುತ್ತಿದ್ದರು. ಇದು ನಿನ್ನ ವರದಿಯಲ್ಲಿಲ್ಲ, ನನಗೆ ನೆನಪಿದೆ. ಮನೆಗೆ ಬಂದು ನೀನೇ ಹೇಳಿದ್ದೆ. ಆ ಸದ್ದನ್ನು ಇಪ್ಪತ್ತೆರಡನೇ ಕಂತಿಗೆ ಹಾಕಿದೆ. ಆಮೇಲಿಂದ ನೀನು ಶಾಲೆಯ ವಿಷಯ ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಬರೆಯಲು ಏನೂ ಸಿಗದೆ ಧಾರಾವಾಹಿ ಇಪ್ಪತ್ತಾರಕ್ಕೆ ನಿಂತುಹೋಯಿತು. ಅದಕ್ಕೆ ನಿನ್ನನ್ನು ಒಂದು ದಿನವಾದರೂ ದೂರಿದ್ದೇನೆಯೇ?

ಇರಲಿ. ಹತ್ತೊಂಬತ್ತನೇ ಕಂತಿಗೆ ಬರೋಣ. ಹಾಸಿಗೆಯ ಜೊತೆ ಹುಡುಗಿಯನ್ನೂ ಬಾಲ್ಕನಿಯಲ್ಲಿ ನಿಲ್ಲಿಸುವ ಕಂತು ಅದು. ಚಿತ್ರೀಕರಣಕ್ಕೆ ನಿನ್ನನ್ನೂ ಕರೆದುಕೊಂಡು ಹೋಗಿದ್ದೆ. ಮುಂದಿನ ಸಾಲು, ನನ್ನ ಪಕ್ಕದ ಕುರ್ಚಿ. ಜನ ತಾವಾಗಿ ನಗಲು ಸಂಕೋಚಪಡುತ್ತಾರೆ, ಒಬ್ಬರು ಹತ್ತಿಸಬೇಕು. ಅದಕ್ಕಾಗಿ ಧ್ವನಿ ಇಂಜಿನಿಯರು ನನ್ನ ತಲೆಯ ಮೇಲೇ ಒಂದು ಮೈಕು ಇಳಿಬಿಟ್ಟಿದ್ದರು. ಪ್ರತಿ ಕಂತಿನಲ್ಲೂ ಮೊದಲು ಕೇಳುವ ನಗು ನನ್ನದೇ. ಅಂದು ಇನ್ನೂರು ಜನ ನಗುವಾಗ ನೀನೊಬ್ಬಳು ಗುಮ್ಮನ ಹಾಗೆ ಕುಳಿತಿದ್ದೆ. ಜನ ತಿರುಗಿ ನೋಡಿಯಾರೆಂದು ತೊಡೆ ಚಿವುಟಿ, ನಗು ಅಂದೆ. ನೀನು ನಕ್ಕೆ. ಮೈಕು ಅದನ್ನೂ ಹಿಡಿಯಿತು. ಸಂಕಲನದ ಹೊತ್ತಿಗೆ ಇಂಜಿನಿಯರು, ಮೇಡಂ, ಮಗು ಸದ್ದು ಒಂದ್ ಥರಾ ಇದೆ, ತೆಗ್ದುಬಿಡ್ಲಾ, ಅಂದರು. ಬೇಡ, ನಿಜವಾದ ಸದ್ದು, ಇರಲಿ ಅಂದೆ. ಇಪ್ಪತ್ತಾರು ಕಂತು ನಗು ಹತ್ತಿಸಿದವಳು ನಾನು. ನಗು ಯಾವುದು, ಅಳು ಯಾವುದು ಎಂದು ನೀನು ನನಗೆ ಕಲಿಸಬೇಡ.

ನಿನ್ನ ಪಾತ್ರ ಮಾಡಿದ ಹುಡುಗಿ ಈಗ ಹಲ್ಲಿನ ಡಾಕ್ಟರು. ಮೊನ್ನೆ ಫೋನು ಮಾಡಿ ಕೇಳಿದೆ. ಆಂಟಿ, ನನ್ ಲೈಫಲ್ಲಿ ಅಷ್ಟು ಖುಷಿಯಾಗಿದ್ದ ದಿನಗಳೇ ಇಲ್ಲ ಅಂದಳು. ನೋಡು, ಬಾಲ್ಕನಿಯಲ್ಲಿ ನಿಂತವಳಿಗೆ ಗಾಯವಾಗಲಿಲ್ಲ, ಕುರ್ಚಿಯಲ್ಲಿ ಕುಳಿತವಳಿಗೆ ಆಯಿತು. ಚಿಕ್ಕಂದಿನಿಂದಲೂ ನಿನಗೆ ಮುಖ ಊದಿಸಿಕೊಳ್ಳಲು ಒಂದು ನೆಪ ಬೇಕು.

ಮಾತಿನಿಂದ ನೀನು ಒಪ್ಪುವವಳಲ್ಲ ಎಂದು ನಾನೇ ಪರೀಕ್ಷೆ ಮಾಡಿದೆ. ನಿಮ್ಮ ಸಮಿತಿಯ ಪದ್ಧತಿಯನ್ನು ನೀನೇ ಒಮ್ಮೆ ವಿವರಿಸಿದ್ದೆ. ನೀವು ಪರದೆ ನೋಡುವುದಿಲ್ಲ, ಮಕ್ಕಳನ್ನು ಟೀವಿ ಮುಂದೆ ಕೂರಿಸಿ, ಪಕ್ಕದಲ್ಲಿ ಕುಳಿತು ಅವರ ಮುಖ ನೋಡುತ್ತೀರಿ. ಚೀಟಿಯಲ್ಲಿ ನಾಲ್ಕು ಕಾಲಂ: ನಕ್ಕಿತು, ಸುಮ್ಮನಿತ್ತು, ಕಣ್ಣು ತಿರುಗಿಸಿತು, ದೊಡ್ಡವರ ಮುಖ ನೋಡಿತು. ಕೊನೆಯ ಕಾಲಂ ತುಂಬಿದರೆ ನಮಗೆ ಭಯ ಅಂದಿದ್ದೆ. ಏಕೆಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.

ಕೋಪಿಸಿಕೊಳ್ಳಬೇಡ. ಕಳೆದ ಗುರುವಾರ ಮಧ್ಯಾಹ್ನ ನಿನ್ನ ಮಗಳನ್ನು ಕೂರಿಸಿದೆ. ದಿನಕ್ಕೆ ನಾಲ್ಕು ಕಂತು, ಭಾನುವಾರ ಏಳು. ಕೆಂಪು ಗೆರೆಯ ಪಟ್ಟಿಯನ್ನು ತಿರುಗಿಸಿ ಅದರ ಬೆನ್ನಿಗೇ ಗುರುತು ಹಾಕಿದೆ, ಕಾಗದ ದಂಡವಾಗಬಾರದಲ್ಲ. ಚೀಟಿ ಈ ಪತ್ರದ ಜೊತೆಗಿದೆ, ನೋಡಿಕೋ. ಮೊದಲನೇ ಕಂತಿನಲ್ಲಿ ಸುಮ್ಮನಿದ್ದಳು. ಎರಡನೆಯದರಿಂದ ನಗಲು ಶುರುಮಾಡಿದಳು, ಒಂದು ಜಾಗವನ್ನೂ ಬಿಡಲಿಲ್ಲ. ನಗು ಸ್ವಲ್ಪ ತಡವಾಗಿ ಬರುತ್ತದೆ, ಅದು ನಿಜ. ಟೀವಿಯೊಳಗಿನವರು ನಕ್ಕ ಮೇಲೆ ಒಮ್ಮೆ ನನ್ನ ಕಡೆ ತಿರುಗುತ್ತಾಳೆ, ನಾನು ನಗುವುದನ್ನು ನೋಡಿ ಆಮೇಲೆ ನಗುತ್ತಾಳೆ. ನಗು ಬಂತಲ್ಲ, ಅದಕ್ಕೇ ಎಲ್ಲವನ್ನೂ ಮೊದಲನೇ ಕಾಲಂಗೆ ಹಾಕಿದ್ದೇನೆ. ಹತ್ತೊಂಬತ್ತನೇ ಕಂತಿನಲ್ಲಿ ಮಾತ್ರ, ಅಜ್ಜೀ, ಅಲ್ಯಾರೋ ಅಳ್ತಿದಾರೆ, ಅಂದಳು. ಅಳು ಅಲ್ಲ ಪುಟ್ಟಿ, ಅದು ನಿಮ್ಮಮ್ಮ ನಗೋದು ಅಂತ ಹೇಳಿಕೊಟ್ಟೆ. ಅವಳಿಗೆ ಬಲು ಖುಷಿಯಾಯಿತು. ಆ ಜಾಗವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು, ಆರೋ ಏಳೋ ಸಲ. ಆಮೇಲೆ ನೀನು ಚಿಕ್ಕಂದಿನಲ್ಲಿ ಏನು ಮಾಡಿಕೊಳ್ಳುತ್ತಿದ್ದೆ ಎಂದು ಕೇಳಿದಳು. ಮಗುವಿಗೆ ಸುಳ್ಳು ಹೇಳಬಾರದಲ್ಲ.

ಈಗ ನಾನು ಕೇಳುವುದು ಇಷ್ಟೇ. ಶುಕ್ರವಾರ ನಿನ್ನ ಅಭಿಪ್ರಾಯವನ್ನು ಬದಲಾಯಿಸು. ನಿಮ್ಮ ಅಧ್ಯಕ್ಷರಿಗೆ ನಾನು ನಿನ್ನ ತಾಯಿಯೆಂದು ಗೊತ್ತಿಲ್ಲ. ನೀನು ಹೇಳಬೇಕಿತ್ತು, ಹೇಳಿ ದೂರ ನಿಲ್ಲಬೇಕಿತ್ತು. ಏಕೆ ಹೇಳಲಿಲ್ಲವೆಂದು ನನಗೆ ಗೊತ್ತು. ಹೇಳಿದರೆ ಪರದೆಯ ಮೇಲಿನ ಹುಡುಗಿ ಯಾರೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ನೀನು ಬದಲಾಯಿಸದಿದ್ದರೆ ಶನಿವಾರ ನಾನೇ ಅವರಿಗೆ ಬರೆಯುತ್ತೇನೆ. ನಿನ್ನ ಒಂಬತ್ತನೇ ವಯಸ್ಸಿನ ಫೋಟೋ ಇದೆ, ಬಾಲ್ಕನಿಯಲ್ಲಿ ತೆಗೆದದ್ದು. ಅದನ್ನೂ ಲಗತ್ತಿಸುತ್ತೇನೆ. ನಲವತ್ತೊಂದನೇ ವಯಸ್ಸಿನಲ್ಲಿ, ಅಷ್ಟು ಗಂಭೀರವಾದ ಮೇಜಿನ ಸುತ್ತ, ಯಾರಾದರೂ ನೀರು ಬಿಟ್ಟ ಸದ್ದು ಮಾಡಿದರೆ ನಿನಗೆ ಹೇಗಾಗುತ್ತದೋ ಯೋಚಿಸು. ಹೆದರಿಸುತ್ತಿಲ್ಲ, ತಾಯಿಯಾಗಿ ಮೊದಲೇ ತಿಳಿಸುತ್ತಿದ್ದೇನೆ. ನನಗೂ ವಯಸ್ಸಾಯಿತು. ಒಂದು ಸಲ, ಕಣ್ಣು ಮುಚ್ಚುವ ಮೊದಲು, ಸಂಜೆ ಆರಕ್ಕೆ ಬೀದಿಯ ಎಲ್ಲ ಕಿಟಕಿಗಳಿಂದ ನನ್ನ ಮಾತಿಗೆ ಜನ ನಗುವುದನ್ನು ಕೇಳಬೇಕು. ಇದು ನಿನ್ನಲ್ಲಿ ಕೇಳಬಾರದಷ್ಟು ದೊಡ್ಡದೇ?

ಹೊತ್ತಿಗೆ ಊಟ ಮಾಡು. ಎಷ್ಟು ಕೆಲಸವಿದ್ದರೂ ನಿದ್ದೆಗೆಡಬೇಡ.

ನಿನ್ನ ಅಮ್ಮ,
'ಎದುರು ಮಹಡಿ'ಯ ಲೇಖಕಿ

ಬರೆಯದೆ ಬಿಟ್ಟದ್ದು (ಬುಧವಾರ ಬೆಳಿಗ್ಗೆ): ಕೊರಿಯರಿನವನು ಬರುವುದರೊಳಗೆ ಇದನ್ನೂ ಸೇರಿಸುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬೇಡ. ಹಾಸಿಗೆ ಶುಚಿಯಾಗಿದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಸೋಮವಾರದಿಂದ ಮೂರು ದಿನವೂ ಒದ್ದೆಯಾಗಿದೆ. ನಾನು ಬೈಯಲಿಲ್ಲ, ಒಂದು ಏಟೂ ಹಾಕಲಿಲ್ಲ. ಬೀದಿ ಕಡೆಯ ಕಂಬಿಗೆ ಹಾಕಿದೆ, ಅಷ್ಟೇ. ಎದುರು ಮನೆಗೆ ಹೊಸದಾಗಿ ಬಂದಿರುವ ನಿವೃತ್ತ ಮೇಷ್ಟರು ಇವತ್ತು ಪೇಪರು ಹಿಡಿದು ಆಚೆ ಬಂದವರು ಹಾಸಿಗೆ ನೋಡಿದರು, ನನ್ನನ್ನು ನೋಡಿದರು, ಮುಖವರಳಿಸಿ, ಏನಮ್ಮಾ, ಇವತ್ತೂ ನಿಮ್ಮನೆ ನಲ್ಲಿ ಸೋರ್ತಾ, ಅಂದರು. ಮೂವತ್ತೆರಡು ವರ್ಷ, ಒಂದಕ್ಷರ ಮರೆತಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ನಿನ್ನ ಮಗಳು ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತಲೆಯೆತ್ತಿ ನನ್ನ ಮುಖ ನೋಡಿ, ಅಜ್ಜೀ, ಈಗ ನಗ್ಬೇಕಾ, ಅಂತ ಕೇಳಿದಳು. ಹೂಂ ಅಂದೆ. ನಿನ್ನ ಹಾಗೇ ನಕ್ಕಳು, ಟೇಪಿನಲ್ಲಿರುವ ಹಾಗೇ. ಇದನ್ನು ಯಾವ ಕಾಲಂಗೆ ಹಾಕುವುದೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ, ನೀನೇ ತುಂಬಿಕೋ.