ಅವ್ವನ ಬಾಯಿಗೆ ಬೇರೆಯವರ ಮಾತು

ಹುನಗುಂದ. ನವೆಂಬರ್ ೨೨, ಶನಿವಾರ.

ಸಿಟ್ಟು ಇನ್ನೂ ಇಳಿದಿಲ್ಲ. ಹಳೆಯ ಸಿನಿಮಾಗಳಿಗೆ ಮರುಜೀವ ಕೊಡುವ ಉತ್ಸವವಂತೆ, ಬಾಗಲಕೋಟೆಯಲ್ಲಿ!

ಇವತ್ತು ಅಲ್ಲಿ ತೋರಿಸಿದ್ದು ಅವ್ವ ಚಿಕ್ಕ ಪಾತ್ರ ಮಾಡಿದ್ದ, ಪಟ್ಟದಕಲ್ಲಿನಲ್ಲಿ ತೆಗೆದ ಸಿನಿಮಾ. ಅದರಲ್ಲಿ ಅವಳಿಗೆ ಇದ್ದದ್ದು ಒಂದೇ ಮಾತು. ದಾರಿಹೋಕನೊಬ್ಬ ಬಾಗಿಲಿಗೆ ಬರುತ್ತಾನೆ, ಅವ್ವ ತಂಬಿಗೆ ಹಿಡಿದು, ‘ಒಳಗ ಬರ್ರಿ, ನೀರ ಕುಡದ ಹೋಗ್ರಿ’ ಅನ್ನುತ್ತಾಳೆ. ಅವಳು ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ಅದೊಂದರಲ್ಲೇ. ಅದನ್ನು ಕೇಳಿಸಲೆಂದೇ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ.

ಚಿತ್ರವೇನೋ ಕನ್ನಡಿಯಂತಿತ್ತು. ಇಳಕಲ್ ಸೀರೆಯ ಎಳೆ ಎಳೆಯೂ ಕಾಣುತ್ತಿತ್ತು. ಅವ್ವ ಬಾಯಿ ತೆರೆದಳು.

‘ಒಳಗೆ ಬನ್ನಿ, ನೀರು ಕುಡಿದು ಹೋಗಿ.’

ಯಾವಳದೋ ಬೆಣ್ಣೆ ಸವರಿದ ದನಿ! ಅಪ್ಪ ಪರದೆಯ ಮೇಲಿನ ಮುಖ ನೋಡುತ್ತಲೇ ನನ್ನ ಕೈ ಹಿಡಿದುಕೊಂಡ. ‘ಮಾರಿ ನಿಮ್ಮವ್ವಂದ ಐತಿ. ಮಾತಾಡಾಕಿ ಯಾರವ್ವಾ?’

ಸಿನಿಮಾ ಮುಗಿದೊಡನೆ ಸಂಘಟಕ ಸುಹಾಸನನ್ನು ಹಿಡಿದೆ. ‘ನಮ್ಮವ್ವನ ದನಿ ಎಲ್ಲೈತ್ರಿ?’

‘ಆ ಭಾಷೆ ಎಲ್ರಿಗೂ ಅರ್ಥ ಆಗಲ್ವಲ್ಲ ಮೇಡಂ, ಸರಿ ಮಾಡಿಸಿದ್ವಿ. ಹಳೇದನ್ನ ಇಟ್ಕೊಂಡಿಲ್ಲ.’

ಸರಿ ಮಾಡಿಸಿದರಂತೆ. ನೀರು ಕುಡಿಯಲು ಕರೆದರೆ ಅರ್ಥವಾಗದಷ್ಟು ದೊಡ್ಡವರು ಯಾರಪ್ಪಾ ಇವರು? ಅಷ್ಟಾದರೂ ನಾಚಿಕೆಯಿಲ್ಲ, ನಾಳೆ ಉತ್ಸವದಲ್ಲಿ ಇಡಲು ಅವ್ವನ ಫೋಟೋ ತೆಗೆದುಕೊಂಡು ಹೋಗಲು ಮನೆಗೇ ಬರುತ್ತಾನಂತೆ.

ಅಪ್ಪ ಇನ್ನೂ ಮಲಗಿಲ್ಲ, ಆ ಮಾತನ್ನು ಅವ್ವನಂತೆ ಅನ್ನಲು ನೋಡುತ್ತಿದ್ದಾನೆ. ಬರುತ್ತಿಲ್ಲ.

ಬರಲಿ ಆ ಸುಹಾಸ. ಈ ಮನೆಯ ಹೊಸ್ತಿಲಿಂದ ಯಾರೂ ನೀರು ಕುಡಿಯದೆ ಹೋದದ್ದಿಲ್ಲ. ಅವನು ಹಾಗೇ ಹೋಗುತ್ತಾನೆ. ಅವನಿಗೆ ಅರ್ಥವಾಗುವ ಕನ್ನಡದಲ್ಲೇ ಹೇಳುತ್ತೇನೆ: ‘ಒಳಗೆ ಬರಬೇಡಿ. ನೀರಿಲ್ಲ.’