ಬೇವಿನ ಗಿಡದ ಕೆಳಗಿನ ಮಣ್ಣು

ಅಫಜಲಪುರ
೧೪ ಮಾರ್ಚ್ ೧೯೪೧

ದೌಲತರಾಯರಿಗೆ,

ನಿಮ್ಮ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಹೆಂಡತಿಯಾದವಳು ಗಂಡನ ಹೆಸರು ಹಿಡಿಯಬಾರದೆಂದು ಮದುವೆಯಾದಂದಿನಿಂದ ನಡೆದುಕೊಂಡೆ. ಇನ್ನು ಆ ಮರ್ಯಾದೆ ಬೇಕಿಲ್ಲ. ಏಕೆಂಬುದನ್ನು ಕಂಡದ್ದು ಕಂಡ ಹಾಗೆ ಬರೆಯುತ್ತೇನೆ.

ನೀವು ಆಳಂದದ ಸಂತೆಯಿಂದ ಆಳಿನ ಕೈಯಲ್ಲಿ ಕಳಿಸಿದ್ದ ನಾಯಿಮರಿ ಸತ್ತಿತಲ್ಲ, ಬರುವಾಗಲೇ ಅದರ ಹೊಟ್ಟೆ ಉಬ್ಬಿತ್ತು, ಕಣ್ಣಲ್ಲಿ ಪಿಸುರು ತುಂಬಿತ್ತು. ಹಾಲು ನೆಕ್ಕಲೂ ಬಾರದ ಮರಿಯನ್ನು ತಾಯಿಯಿಂದ ಕಿತ್ತು ಮಾರಿದ್ದರು. ನಾನು ಬೈದು ಬರೆದದ್ದಕ್ಕೆ ನೀವು ಕೊಟ್ಟ ಉತ್ತರ ನನ್ನ ಮುಂದೆಯೇ ಇದೆ. ಘತ್ತರಗಿಯ ಖಾಸೀಂಬಿಯ ಹತ್ತಿರ ಹೋಗು, ಕಾರವಾನಿ ಬೇಟೆನಾಯಿಗಳನ್ನು ಅವಳಂತೆ ಸಾಕುವವರಿಲ್ಲ, ತಾಯಿಯನ್ನು ತೋರಿಸದೆ ಅವಳು ಮರಿ ಕೊಡುವುದಿಲ್ಲ. ಒಳ್ಳೆಯದೊಂದು ಆರಿಸಿಕೊಂಡು ಯುಗಾದಿಗೆ ಜೇವರ್ಗಿಗೆ ಬಂದುಬಿಡು, ಚಿಗರಿ ಸತ್ತ ದುಃಖ ಮರೆಯೋಣ ಎಂದಿದ್ದಿರಿ. ಮರಿಯೊಂದಿಗೆ ಬರುತ್ತೇನೆಂದು ನಾನೂ ಒಪ್ಪಿದ್ದೆ.

ಚಿಗರಿ ನಿಮ್ಮ ನಾಯಿಯಲ್ಲ. ನನ್ನಪ್ಪ ಮದುವೆಯಲ್ಲಿ ನನ್ನ ಗಾಡಿಯ ಹಿಂದೆ ಕಟ್ಟಿ ಕಳಿಸಿದ ನಾಯಿ. ಹೋದ ವರ್ಷ ಅಪ್ಪ ತೀರಿಕೊಂಡಾಗ ಇಲ್ಲಿ ತವರಿಗೆ ಬಂದಿದ್ದೆ. ಜೇವರ್ಗಿಗೆ ತಿರುಗಿ ಹೋದರೆ ನೀವು ಹಿತ್ತಲಲ್ಲಿ ಬೇವಿನ ಗಿಡದ ಕೆಳಗೊಂದು ಮಣ್ಣಿನ ದಿಬ್ಬ ತೋರಿಸಿದಿರಿ. "ನಾಗರ ಕಡೀತು. ಗಳಿಗ್ಯಾಗ ಹೋತು" ಎಂದಿರಿ. ಪಡಸಾಲೆಯ ಗೋಡೆಗೆ ಹೊಸ ಬಂದೂಕು ತೂಗುತ್ತಿತ್ತು. ಇದೇನೆಂದು ಕೇಳಿದರೆ, "ನಾಯಿ ಇಲ್ಲ, ಹೊಲಕ್ಕ ಹಂದಿ ಬರದಂಗ ಕಾಯಾಕ ಏನರ ಬೇಕಲ್ಲ" ಎಂದಿರಿ. ನಂಬಿದೆ. ಆ ಮಣ್ಣಿಗೆ ಹಾಲೆರೆದೆ, ಸೋಮವಾರಕ್ಕೊಮ್ಮೆ ಊದಿನಕಡ್ಡಿ ಹಚ್ಚಿದೆ. ನೀವು ಎಲೆಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದಿರಿ. ಚಿಗರಿಯಿಲ್ಲದ ಹಿತ್ತಲನ್ನು ನೋಡಲಾರದೆ ಕೊನೆಗೆ ತವರಿಗೆ ಬಂದೆ.

ಮೊನ್ನೆ ತಮ್ಮ ಖಂಡಪ್ಪನ ಜೊತೆ ಘತ್ತರಗಿಗೆ ಹೋದೆ. ಖಾಸೀಂಬಿ ಮರಿ ತೋರಿಸುವ ಮೊದಲು ನನ್ನನ್ನೇ ಕೂರಿಸಿ ವಿಚಾರಣೆ ನಡೆಸಿದಳು. ಎಲ್ಲಿ ಮಲಗಿಸುತ್ತೀ, ಏನು ಹಾಕುತ್ತೀ, ಮನೆಯಲ್ಲಿ ಒದೆಯಲು ಕಾಲೆತ್ತುವವರು ಯಾರಿದ್ದಾರೆ ಎಂದೆಲ್ಲ ಕೇಳಿದಳು. ಖಂಡಪ್ಪ ನಕ್ಕು, "ಏನ್ರಿ ಅಮ್ಮಾ, ಹೆಣ್ಣ ಕೊಡೋರಂಗ ಕೇಳಾಕತ್ತೀರಿ" ಎಂದ.

"ಹೆಣ್ಣಾದ್ರ ಒದಿಸ್ಕೊಂಡು ತವರಿಗರ ಬರ್ತದ. ನಾಯಿ ಎಲ್ಲಿಗೆ ಹೋಗಬೇಕಲೇ?" ಎಂದಳು.

ಆಮೇಲೆ, "ಮೊದಲಿಂದು ಹ್ಯಾಂಗ ಸತ್ತಿತು?" ಎಂದು ಕೇಳಿದಳು. ನಾಗರ ಕಚ್ಚಿತ್ತು ಎಂದೆ. "ಪಾಪ. ಬಾ, ತಾಯಿನ್ನ ನೋಡು ಮೊದಲ" ಎಂದು ಕೊಟ್ಟಿಗೆಯ ತಟ್ಟಿ ಸರಿಸಿದಳು.

ಹಾಲು ಕುಡಿಯುತ್ತಿದ್ದ ಮರಿಗಳನ್ನು ಕೊಡವಿಕೊಂಡು ಎದ್ದು ಬಂದದ್ದು ಚಿಗರಿ. ಎಡಗಿವಿಯ ತುದಿ ಹರಿದದ್ದು, ಎದೆಯ ಬಿಳಿ ಮಚ್ಚೆ, ಎಲ್ಲ ಹಾಗೆಯೇ ಇದ್ದವು. ಆದರೆ ನಾನು ಗುರುತು ಹಿಡಿಯುವ ಮೊದಲೇ ಅದು ಹಿಡಿದಿತ್ತು. ನನ್ನ ಸೆರಗಿನೊಳಗೆ ಮೂತಿ ತೂರಿಸಿ, ಕೂಸು ಅತ್ತ ಹಾಗೆ ಸದ್ದು ಮಾಡಿತು. ಖಂಡಪ್ಪ ಮುಖ ತಿರುಗಿಸಿ ನಿಂತ.

ಖಾಸೀಂಬಿಗೆ ಏನೂ ತಿಳಿಯದು. "ಪೊಲೀಸ ಠಾಣೆದ ಅಮೀನ ಸಾಹೇಬರು ಬಿಟ್ಟು ಹೋಗಿದ್ದು ಬೇ ಇದು. ಬಂದೂಕಿನ ಪರವಾನಾಕ್ಕ ಸಿಫಾರಸು ಮಾಡ್ಯಾರಂತ ಜೇವರ್ಗಿ ದೌಲತರಾಯರು ಇದನ್ನ ನಜರಾನಾ ಕಾಣಿಕಿ ಕೊಟ್ಟಿದ್ದರಂತ. ಅವರ ಮನ್ಯಾಗ ಇದು ಉಣ್ಣಲಿಲ್ಲ, ಬಾಗಲಾ ಬಿಟ್ಟು ಏಳಲಿಲ್ಲ. ಸಾಹೇಬರಿಗೆ ದೂರದ ಊರಿಗೆ ಬದಲಿ ಆತು, ಬಸುರಿ ನಾಯಿ ಯಾರು ಹೊತ್ಕೊಂಡು ಹೋಗಬೇಕಂತ ನನಗ ಕೊಟ್ಟು ಹೋದ್ರು. ಯಾಕ ಬೇ, ರಾಯರು ನಿನಗೇನಾಗಬೇಕು?"

ನೀವು ನನ್ನ ಗಂಡನೆಂದು ಖಂಡಪ್ಪ ಹೇಳಿದ.

ನಾಯಿ ಹೋಯಿತೆಂದು ಬಂದೂಕು ಬರಲಿಲ್ಲ, ಬಂದೂಕು ಬರಲೆಂದು ನಾಯಿ ಹೋಯಿತು. ಅದೂ ನಾನು ಅಪ್ಪನನ್ನು ಮಣ್ಣು ಮಾಡುತ್ತಿದ್ದ ವಾರದಲ್ಲಿ. ಕೊಟ್ಟೆನೆಂದು ಹೇಳಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆನೇನೋ. ಆದರೆ ನೀವು ಸಲಿಕೆ ಹಿಡಿದು ದಿಬ್ಬ ಕಟ್ಟಿದಿರಿ. ಅಪ್ಪನ ದುಃಖದ ಮೇಲೆ ಈ ದುಃಖವನ್ನೂ ಹೊತ್ತು ನಾನು ಬರಿಯ ಮಣ್ಣಿಗೆ ಹಾಲೆರೆಯುತ್ತಿದ್ದರೆ, ಒಂದು ಸಲವಾದರೂ ನಿಮ್ಮ ಬಾಯಿಂದ "ಬೇಡ" ಎಂದು ಬರಲಿಲ್ಲ.

ಮರಿ ಕೊಡುವಾಗ ಕೊಂಡವರ ಬಲಗೈಯನ್ನು ಅದರ ತಲೆಯ ಮೇಲಿಟ್ಟು ಮಾತು ತೆಗೆದುಕೊಳ್ಳುವುದು ಖಾಸೀಂಬಿಯ ಪದ್ಧತಿ. ನಾನು ಆರಿಸಿದ್ದು ಹೆಣ್ಣುಮರಿ. ಕಣ್ಣು ಸ್ವಚ್ಛ, ಮೈ ಗಟ್ಟಿ, ಬೆರಳು ಕೊಟ್ಟರೆ ಕಚ್ಚಿ ಜಗ್ಗುತ್ತದೆ. ಅದರ ತಲೆಯ ಮೇಲೆ ನನ್ನ ಕೈ ಇರಿಸಿ ಅವಳು ಹೇಳಿದಳು:

"ತಾಯಿನ್ನ ಹೊರಗ ಹಾಕಿದ ಮನಿಗೆ ಮಗಳ್ನ ಕೊಡಂಗಿಲ್ಲ. ನಿನ್ನ ತವರಾಗ ಇಟ್ಕೊಂಡ್ರ ಕೊಡ್ತೇನಿ, ತಾಯಿನ್ನೂ ಕೊಡ್ತೇನಿ. ಜೇವರ್ಗಿ ಹೊಸ್ತಿಲಾ ದಾಟಸಬಾರದು. ಏನಂತಿ?"

ಖಂಡಪ್ಪ ನನ್ನ ಮುಖ ನೋಡಿದ. ನಾಯಿ ಬಿಟ್ಟು ನಾನೊಬ್ಬಳೇ ಆ ಹೊಸ್ತಿಲು ದಾಟುವವಳಲ್ಲ ಎಂಬುದು ಅವನಿಗೂ ಗೊತ್ತಿತ್ತು. ನಾನು ಕೈ ತೆಗೆಯಲಿಲ್ಲ. ಮಾತು ಕೊಟ್ಟೆ.

ಮರಿ ಮೊಲೆ ಬಿಟ್ಟ ಮೇಲೆ ಎರಡನ್ನೂ ಇಲ್ಲಿಗೆ ತರುತ್ತೇವೆ. ಯುಗಾದಿಗೆ ಗಾಡಿ ಕಳಿಸಬೇಡಿ, ಕಳಿಸಿದರೆ ಖಾಲಿ ತಿರುಗುತ್ತದೆ. ದಿಬ್ಬವನ್ನು ನೀವೇ ಕಟ್ಟಿದವರು, ನೀವೇ ಸಮ ಮಾಡಿಸಿ.

ಧರ್ಮಣ್ಣನವರ ಮಗಳು
ಶಿವಕಾಂತಾ

ತಾ.ಕ.: ಬಂದೂಕಿನ ಪರವಾನಾವನ್ನು ವರ್ಷ ವರ್ಷ ಹೊಸದು ಮಾಡಿಸಬೇಕೆಂದು ಖಂಡಪ್ಪ ಹೇಳಿದ. ಹೊಸ ಅಮೀನರಿಗೆ ಏನು ಕೊಡುವಿರೋ ಈಗಲೇ ಯೋಚಿಸಿಕೊಳ್ಳಿ. ನನ್ನ ತವರಿನಿಂದ ಬಂದದ್ದು ಆ ಮನೆಯಲ್ಲಿ ಇನ್ನೇನೂ ಉಳಿದಿಲ್ಲ.